ಪದ್ಮಿನಿ ಹತ್ತಿ ‘ಪಯಣ’ಕ್ಕೆ

ಮಂಡ್ಯದಿಂದ ಶ್ರೀರಂಗಪಟ್ಟಣ ಎಷ್ಟು ದೂರ ಮಹಾ? ಮೂವತ್ತು ಕಿಲೋಮೀಟರ್ ಹತ್ತಿರ. ನಮಗೆ ಎರಡು ಗಂಟೆ ಹಿಡಿಯಿತು. ಮಾರ್ಚ್ ತಿಂಗಳ ಬಿಸಿಲಲ್ಲಿ, ಹನ್ನೊಂದು ಗಂಟೆಗೆ, 1987ರ ಪ್ರೀಮಿಯರ್ ಪದ್ಮಿನಿ ಹತ್ತಿ ಹೊರಟ ತಪ್ಪು ನನ್ನದೇ.

ಜೊತೆಗೆ ಸೋದರಮಾವ ಇದ್ದರು. ಲಾರಿ ಓಡಿಸಿಯೇ ಬದುಕು ಕಳೆದವರು. ಹಳೇ ಕಾರುಗಳ ಮ್ಯೂಸಿಯಂ ನೋಡೋಣ ಬನ್ನಿ ಅಂದರೆ, "ಓಡದಿರೋ ಗಾಡಿ ನೋಡೋಕೆ ಓಡೋ ಗಾಡೀಲಿ ಹೋಗಬೇಕಾ?" ಅಂದಿದ್ದರು. ಆದರೂ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿ, ಒಂದು ಟವೆಲ್ಲು ಮತ್ತು ಎರಡು ಬಾಟಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎರಡು ಬಾಟಲಿ ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಲಿಲ್ಲ. 2023ರ ಆಗಸ್ಟ್‌ನಿಂದ ಅಲ್ಲಿಗೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಕಾರು ಬಿಡುತ್ತಾರೆ, ನಿಜ. ಆದರೆ ಅರವತ್ತು ದಾಟಿದರೆ ನನ್ನ ಪದ್ಮಿನಿಗೆ ಚಳಿಜ್ವರ ಬಂದ ಹಾಗೆ ನಡುಕ. ಹಾಗಾಗಿ ಸರ್ವೀಸ್ ರಸ್ತೆಯಲ್ಲೇ, ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಹಿಂದೆ ಹೋದೆವು. ಹಿಂದೆ ಎಳೆದಾಡುವ ಕಬ್ಬಿನ ಸೋಗೆ ಬಾನೆಟ್ ಸವರುತ್ತಿತ್ತು. ಮಾವ ಅದನ್ನೇ ನೋಡುತ್ತಾ, ಮೈಶುಗರ್ ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ ಸರದಿಗೆ ಕಾಯುತ್ತಾ ಲಾರಿ ಕೆಳಗೇ ಮಲಗುತ್ತಿದ್ದ ರಾತ್ರಿಗಳ ಕತೆ ತೆಗೆದರು.

ಗಣಂಗೂರು ಹತ್ತಿರ ಕಾರು ಎರಡು ಸಲ ಮುಕ್ಕರಿಸಿ ನಿಂತಿತು.

ನಾನು ಫೋನ್ ತೆಗೆದೆ. ಮಾವ ಟವೆಲ್ ತೆಗೆದರು. ಬಾನೆಟ್ ಎತ್ತಿ, ಟವೆಲ್ಲನ್ನು ನೀರಲ್ಲಿ ಅದ್ದಿ, ಪೆಟ್ರೋಲ್ ಪಂಪಿನ ಸುತ್ತ ಸುತ್ತಿದರು. "ಕಾಲು ಗಂಟೆ ಸುಮ್ನೆ ಕೂತ್ಕೊ. ಗ್ಯಾಸ್ ಕಟ್ಕಂಡದೆ," ಅಂದರು. ಆ ಕಾಲದ ಕಾರುಗಳಲ್ಲಿ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಬಿಸಿಲು ಜಾಸ್ತಿಯಾಗಿ ಇಂಜಿನ್ ಕಾದರೆ ಪೈಪಿನೊಳಗೇ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪು ತಳ್ಳುತ್ತಲೇ ಇರುತ್ತದೆ, ಆದರೆ ಹೋಗುವುದು ಬರೀ ಆವಿ. ಒದ್ದೆ ಬಟ್ಟೆ ಸುತ್ತಿದರೆ ತಣ್ಣಗಾಗಿ ಮತ್ತೆ ಪೆಟ್ರೋಲ್ ಹರಿಯುತ್ತದೆ. ಎರಡನೇ ಬಾಟಲಿ ಕುಡಿಯೋಕೆ ಅಂತ ತಂದದ್ದು.

ಹುಣಸೆ ಮರದ ನೆರಳಲ್ಲಿ ಕೂತಾಗ ನನ್ನ ಪಾಂಡಿತ್ಯ ತೋರಿಸೋಣ ಅನ್ನಿಸಿತು. ಈ ಕಾರು ಮೂಲದಲ್ಲಿ ಇಟಲಿಯ ಫಿಯೆಟ್ 1100. 1964ರಿಂದ ಇಲ್ಲಿ ಫಿಯೆಟ್ ಹೆಸರಲ್ಲೇ ತಯಾರಾಯಿತು, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಅಂತ ಚಿತ್ತೋರಿನ ರಾಣಿಯ ಹೆಸರು ಬಂತು. ಗೇರು ಸ್ಟೇರಿಂಗ್ ಪಕ್ಕದಲ್ಲೇ. ಮಾವ ಎಲ್ಲಾ ಕೇಳಿಸಿಕೊಂಡು, "ರಾಣಿ ಬಿಸಿಲು ತಡೀಬೇಕಲ್ಲ ಮತ್ತೆ," ಅಂದರು.

ಶ್ರೀರಂಗಪಟ್ಟಣದ ‘ಪಯಣ’ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೇ ಕಾರುಗಳ ಮ್ಯೂಸಿಯಂ. ಮೈಸೂರಿಗೆ ಹೋಗುವವರು ಟಿಪ್ಪುವಿನ ಬೇಸಿಗೆ ಅರಮನೆ, ರಂಗನಾಥಸ್ವಾಮಿ ಗುಡಿ ನೋಡಿ ಮುಂದೆ ಹೋಗಿಬಿಡುತ್ತಾರೆ. ಇದಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಎರಡು ಗಂಟೆ.

ಒಳಗೆ ನಾನು ಬಣ್ಣ, ಕ್ರೋಮಿಯಂ, ಹೆಡ್‌ಲೈಟು ನೋಡುತ್ತಿದ್ದೆ. ಮಾವ ಬಗ್ಗಿ ಬಗ್ಗಿ ಕೆಳಗೆ ನೋಡುತ್ತಿದ್ದರು. ಸ್ಪ್ರಿಂಗ್ ಪ್ಲೇಟಿನ ಕಟ್ಟು ಎಂಥದ್ದು, ಆಕ್ಸಲ್ ಎಷ್ಟು ದಪ್ಪ, ಸೈಲೆನ್ಸರ್ ಎಲ್ಲಿ ಹಾದುಹೋಗಿದೆ. ಎಲ್ಲರೂ ಕಾರಿನ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರೆ ಇವರು ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ಮನುಷ್ಯ ಹೆದರುವುದು ಕೆಟ್ಟು ನಿಲ್ಲೋ ಜಾಗಕ್ಕೆ, ಆಸೆಪಡುವುದು ಹೊಳೆಯೋ ಜಾಗಕ್ಕೆ. ಮಾವನಿಗೆ ಕಾರಿನ ಆಸೆ ಯಾವತ್ತೂ ಇರಲಿಲ್ಲ ಅಂತ ಕಾಣುತ್ತದೆ.

ಅಲ್ಲಿ ನಿಂತೇ ಅವರಿಗೆ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ವಿಷಯ ಹೇಳಿದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಕಾರು ತಯಾರಾದವು. ಅದರಲ್ಲಿ ಕಾಲಿಗೆ ಮೂರು ಪೆಡಲ್, ಆದರೆ ನಮಗೆ ಗೊತ್ತಿರುವ ಮೂರಲ್ಲ. ಎಡಗಡೆಯದನ್ನು ಪೂರ್ತಿ ತುಳಿದರೆ ಫಸ್ಟ್ ಗೇರು, ಬಿಟ್ಟರೆ ಟಾಪ್ ಗೇರು, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್. ನಡುವಿನದು ರಿವರ್ಸ್. ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಕೈಯಲ್ಲಿ. ಮಾವ ನಿಂತಲ್ಲೇ ಕಾಲು ಆಡಿಸಿ ನೋಡಿದರು. "ಸತ್ತೋಗ್ತಿದ್ದೆ ಕಣ್ಲಾ ನಾನು."

ಅದಕ್ಕೆ ಪೆಟ್ರೋಲ್ ಪಂಪೇ ಇರಲಿಲ್ಲ ಅಂದಾಗ ಅವರ ಮುಖ ಅರಳಿತು. ಸೀಟಿನ ಕೆಳಗೆ ಟ್ಯಾಂಕು, ಅಲ್ಲಿಂದ ತನ್ನಷ್ಟಕ್ಕೆ ಇಳಿಜಾರಲ್ಲಿ ಇಂಜಿನ್ನಿಗೆ ಹರಿಯಬೇಕು. ಟ್ಯಾಂಕಲ್ಲಿ ಪೆಟ್ರೋಲ್ ಕಮ್ಮಿ ಇದ್ದು ಕಡಿದಾದ ಏರು ಸಿಕ್ಕರೆ ಇಂಜಿನ್ ಮೇಲಾಗುತ್ತದೆ, ಟ್ಯಾಂಕು ಕೆಳಗಾಗುತ್ತದೆ. ಆಗ ಕಾರು ತಿರುಗಿಸಿ ರಿವರ್ಸಲ್ಲೇ ಬೆಟ್ಟ ಹತ್ತುತ್ತಿದ್ದರು.

"ಅಂಗಾದ್ರೆ ಚಾಮುಂಡಿ ಬೆಟ್ಟಕ್ಕೆ ತಾಯಿಗೆ ಬೆನ್ನು ಮಾಡ್ಕಂಡೇ ಹೋಗಬೇಕಿತ್ತು!" ಮಾವ ಎಷ್ಟು ಜೋರಾಗಿ ನಕ್ಕರೆಂದರೆ ಪಕ್ಕದ ಫ್ಯಾಮಿಲಿ ತಿರುಗಿ ನೋಡಿತು.

ಹೊರಗೆ ಬಂದು ಎಳನೀರು ಕುಡಿಯುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಕಾರು ಸರಿ. ಹಳೇ ಲಾರಿಗಳ್ನ ಎಲ್ಲಿ ಇಟ್ಟವ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ‘ವಿಎ’ ಅಕ್ಷರದ ನಂಬರು, 20,000 ರೂಪಾಯಿ ಶುಲ್ಕ, 10 ವರ್ಷದ ಮಾನ್ಯತೆ. ಒಳ್ಳೆಯದೇ. ಆದರೆ ಅದು ಬೈಕು, ಕಾರುಗಳಂಥ ಗಾಡಿಗಳಿಗೆ. ಸರಕು ಹೊತ್ತ ಲಾರಿಗೆ ಆ ಭಾಗ್ಯ ಇಲ್ಲ. ರಾಜರನ್ನು ಕೂರಿಸಿಕೊಂಡದ್ದು ಷೋಕೇಸಿಗೆ, ಕಬ್ಬು ಹೊತ್ತದ್ದು ಗುಜರಿಗೆ. ಇದು ನನಗೆ ಆ ದಿನದವರೆಗೆ ಹೊಳೆದೇ ಇರಲಿಲ್ಲ, ನಾಚಿಕೆಯಾಯಿತು.

ಅಲ್ಲಿಂದ ಮೈಸೂರಿಗೂ ಹೋದೆವು, ಹೆಚ್ಚು ಹೊತ್ತು ಇರಲಿಲ್ಲ. ಯಾದವಗಿರಿ ಕಡೆ ಒಂದು ಸುತ್ತು ಹೊಡೆದೆವು. 1960ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದದ್ದು ಅಲ್ಲಿ. ಕಿಕ್ಕರ್ರೂ ಅದೇ, ಗೇರ್ ಲಿವರ್ರೂ ಅದೇ ಆಗಿದ್ದ ಬೈಕು ಇನ್ಯಾವ ಊರಲ್ಲಿ ಅಷ್ಟು ಮನೆಮಾತಾಗಿತ್ತು ಹೇಳಿ. ಅರಮನೆ ಮುಂದೆ ಹಾಯುವಾಗ, ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರ ಲೆಕ್ಕದಲ್ಲಿ ತರಿಸುತ್ತಿದ್ದರು, ಹಾಗಾಗಿ ಒಟ್ಟಿಗೆ ಕಾರು ಕೊಳ್ಳುವುದಕ್ಕೆ ಆ ಕಂಪನಿಯವರು ‘ಮೈಸೂರು ಮಾಡೋದು’ ಅಂತಲೇ ಅನ್ನುತ್ತಿದ್ದರು ಎಂಬ ಕತೆ ಹೇಳಿದೆ. ಮಾವನಿಗೆ ಅದು ಅಷ್ಟೇನೂ ರುಚಿಸಲಿಲ್ಲ. ಏಳು ಕಾರಿಗೆ ಎಷ್ಟು ಜನ ಕ್ಲೀನರ್ ಇದ್ದರು ಅಂತ ಕೇಳಿದರು.

ವಾಪಸ್ ಬರುವಾಗ ಬಿಸಿಲು ಇಳಿದಿತ್ತು. ಪದ್ಮಿನಿ ಗುಣವಾಗಿದ್ದಳು. ಪಟ್ಟಣ ದಾಟಿ, ದಾರಿ ಬಿಟ್ಟು ಒಂದು ಆಲೆಮನೆ ಹತ್ತಿರ ಬೆಲ್ಲಕ್ಕೆಂದು ನಿಲ್ಲಿಸಿದೆ. ಕೊಪ್ಪರಿಗೆಯಲ್ಲಿ ಪಾಕ ಉಕ್ಕುತ್ತಿತ್ತು. ಹಿಂದೆ, ಕಬ್ಬಿನ ಸಿಪ್ಪೆ ಒಣಗಲು ಹರಡಿದ್ದ ಜಾಗದಾಚೆ, ಮುಂದಕ್ಕೆ ಮೂತಿ ಚಾಚಿದ ಒಂದು ಲಾರಿ. ಟೈರಿಲ್ಲ, ಕಲ್ಲಿನ ಮೇಲೆ ನಿಂತಿದೆ. ಮಾವ ಬೆಲ್ಲ ಮರೆತು ನಡೆದೇಬಿಟ್ಟರು.

"ಬೆಂಜ್ ಲಾರಿ!"

ಹಳಬರು ಟಾಟಾ ಲಾರಿಗೆ ಹಾಗೇ ಅನ್ನುತ್ತಿದ್ದರು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್ಷೆಡ್‌ಪುರದಲ್ಲಿ ಲಾರಿ ತಯಾರಿಸಿದರು. ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ. 1969ಕ್ಕೆ ಒಪ್ಪಂದ ಮುಗಿದ ಮೇಲೆ ಆ ಜಾಗಕ್ಕೆ ಟಾಟಾದ ‘ಟಿ’ ಬಂತು. ಈ ಲಾರಿಯ ನಕ್ಷತ್ರ ಯಾರೋ ಕಿತ್ತುಕೊಂಡು ಹೋಗಿದ್ದರು, ಅದರ ಗುಂಡನೆಯ ಗುರುತು ಮಾತ್ರ ತುಕ್ಕಿನಲ್ಲಿ ಉಳಿದಿತ್ತು. ನಂಬರ್ ಪ್ಲೇಟಿನಲ್ಲಿ ಹಳೇ ಮೈಸೂರು ರಾಜ್ಯದ ‘ಎಂವೈ’ ಅಕ್ಷರ. ಈಗಿನ ಮಂಡ್ಯದ ಕೆಎ 11 ಬರುವುದಕ್ಕೆ ಎಷ್ಟೋ ಮುಂಚಿನದು.

1972ರಲ್ಲಿ ಮಾವ 14 ವರ್ಷದ ಹುಡುಗ, ಇಂಥದ್ದೇ ಲಾರಿಗೆ ಕ್ಲೀನರ್. ಆಗ ಫ್ಯಾಕ್ಟರಿಯಿಂದ ಬರುತ್ತಿದ್ದದ್ದು ಬರೀ ಚಾಸಿ. ಬಾಗಿಲಿಲ್ಲ, ಚಾವಣಿಯಿಲ್ಲ. ಅವರ ಗುರು ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಹಲಗೆ ಮೇಲೆ ಕೂತು ಜಮ್ಷೆಡ್‌ಪುರದಿಂದ ಚಾಸಿ ಓಡಿಸಿಕೊಂಡು ಬಂದಿದ್ದರಂತೆ. ಊರಿಗೆ ಬಂದ ಮೇಲೆ ಬಡಗಿಗಳು ಬಾಡಿ ಕಟ್ಟಬೇಕು. ಓನರ್ ಕೇಳಿದಂತೆ ಕ್ಯಾಬಿನ್, ಓನರ್ ಮನೆದೇವರ ಹೆಸರು ಹಣೆಗೆ, ಪೇಂಟರಿಗೆ ಇಷ್ಟ ಬಂದ ಹದ್ದೋ ನವಿಲೋ ಹಿಂದಿನ ಹಲಗೆಗೆ. ಒಂದು ಲಾರಿಯಂತೆ ಇನ್ನೊಂದಿಲ್ಲ. ಈಗ ಲಕ್ಷಗಟ್ಟಲೆ ಕೊಟ್ಟು ಗಾಡಿ ಕಸ್ಟಮ್ ಮಾಡಿಸುವವರಿಗೆ ನಮ್ಮ ಬಾಡಿ ಬಿಲ್ಡರ್‌ಗಳ ನೆನಪಿರಲಿ ಅಂತ ಸುಮ್ನೆ ಹೇಳಿದೆ.

ಮಾವ ಚಪ್ಪಲಿ ಬಿಟ್ಟು ಹತ್ತಿದರು. ಸೀಟಿನ ಸ್ಪ್ರಿಂಗ್ ಹೊರಗೆ ಬಂದಿತ್ತು. ಕ್ಲಚ್ ಒಮ್ಮೆ ತುಳಿದರು, ಗೇರ್ ನ್ಯೂಟ್ರಲ್ಲಿಗೆ ತಂದರು, ಬಿಟ್ಟು ಮತ್ತೆ ತುಳಿದರು, ಹಾಕಿದರು. ಡಬಲ್ ಕ್ಲಚ್, ಹಳೇ ಲಾರಿಗಳಲ್ಲಿ ಗೇರ್ ಬದಲಿಸುತ್ತಿದ್ದ ರೀತಿ. ಅಲ್ಲಾಡದ ಲಾರಿಯಲ್ಲೂ ಅವರು ಒಂದು ತುಳಿತ ಉಳಿಸಲಿಲ್ಲ.

ಆಲೆಮನೆ ಯಜಮಾನರು ಬಂದರು. "ನಮ್ಮಪ್ಪನ ಕಾಲದ್ದು. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳಿ ಹೋಗವ್ನೆ. ಯುಗಾದಿ ಕಳೀಲಿ ಅಂತ ಇದ್ದೀವಿ. ನೀವು ತಗೊತೀರಾ ಅಣ್ಣ?"

"ಇಲ್ಲ ಕಣಪ್ಪ, ನಾನೆಲ್ಲಿ ಇಟ್ಕಳ್ಳಿ. ಕೊಡೋ ದಿನ ನಂಗೊಂದು ಫೋನ್ ಮಾಡು."

"ಯಾಕಣ್ಣ?"

"ಹಗ್ಗ ಕಟ್ಟಿ ಎಳ್ಕಂಡು ಹೋಗುವಾಗ ಸ್ಟೇರಿಂಗ್ ಹಿಡಿಯೋಕೆ ಒಬ್ರು ಬೇಕಲ್ವಾ?"

ಯಜಮಾನರು ನಂಬರ್ ಬರೆದುಕೊಂಡರು. ನಾನು ಎರಡು ಕೆಜಿ ಬೆಲ್ಲ ತೂಗಿಸಿದೆ.