ಜೀವಕದ ಸಸಿ ಬಾಟಲಿಯಿಂದ ಹೊರಬಂದ ದಿನ

ಜುಲೈನ ಒಂದು ಬೆಳಿಗ್ಗೆ. ಯಲಹಂಕದಲ್ಲಿ ಜಿಟಿಜಿಟಿ ಮಳೆ. ವರ್ಷಕ್ಕೂ ಜಾಸ್ತಿ ಕಾಲ ಗಾಜಿನ ಬಾಟಲಿಯಲ್ಲಿ ಬೆಳೆದ ಜೀವಕದ ಸಸಿಗಳನ್ನು ಅವತ್ತು ಹೊರಗೆ ತೆಗೆಯಬೇಕಿತ್ತು. ಹಿಂದಿನ ರಾತ್ರಿ ನನಗೆ ನಿದ್ದೆಯೇ ಹತ್ತಿರಲಿಲ್ಲ.

ಜೀವಕ ನೆಲದಲ್ಲಿ ಬೆಳೆಯುವ ಆರ್ಕಿಡ್. ನಮ್ಮ ಮಲೆನಾಡಿನ ಸೀತಾಳೆ ದಂಡೆಗೆ ದೂರದ ನೆಂಟ. ಹೆಚ್ಚಾಗಿ ಸಿಗುವುದು ಹಿಮಾಲಯದ ಕಾಡುಗಳಲ್ಲಿ. ಚ್ಯವನಪ್ರಾಶಕ್ಕೆ ಹಾಕುವ ಅಷ್ಟವರ್ಗದ 8 ಮೂಲಿಕೆಗಳಲ್ಲಿ ಇದೂ ಒಂದು. ಔಷಧಿಗೆ ಬೇಕಾಗುವುದು ಬುಡದ ಗಡ್ಡೆ. ಗಡ್ಡೆ ಕಿತ್ತರೆ ಗಿಡವೇ ಹೋಯಿತು, ಅಲ್ವಾ? ಈಗ ಜೀವಕ ಸಿಗದೆ ಅದರ ಬದಲು ವಿದಾರಿಕಂದ ಎಂಬ ಬೇರೆ ಗಡ್ಡೆ ಹಾಕುತ್ತಾರೆ.

ಒಂದು ಕಾಯಿಯಲ್ಲಿ ಸಾವಿರಾರು ಬೀಜ. ಆದರೆ ರಾಗಿ ಕಾಳಿನಲ್ಲಿರುವಂತೆ ಒಳಗೆ ಹಿಟ್ಟಿಲ್ಲ. ಊದಿದರೆ ಹಾರಿಹೋಗುವ ಧೂಳು. ಕಾಡಿನಲ್ಲಿ ಮಣ್ಣಿನ ಶಿಲೀಂಧ್ರವೊಂದು ಬಂದು ಉಣಿಸಿದರೇ ಮೊಳಕೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್, ಅಂದರೆ ಕಡಲಪಾಚಿಯ ಜೆಲ್ಲಿಯ ಮೇಲೆ, ಶಿಲೀಂಧ್ರವಿಲ್ಲದೆಯೇ ಆರ್ಕಿಡ್ ಬೀಜ ಮೊಳೆಸಿ ತೋರಿಸಿದರು. ನಾವು ಹಿಡಿದಿರುವುದೂ ಅದೇ ದಾರಿ.

ಮೊದಲ ಸಲ 40 ಬಾಟಲಿಗಳಲ್ಲಿ 31ಕ್ಕೆ ಬೂಷ್ಟು ಹಿಡಿಯಿತು. ಕಾಯಿ ಬಿರಿದ ಮೇಲೆ ಕೊಯ್ದಿದ್ದೆ, ತಪ್ಪು ನನ್ನದೇ. ಅವನ್ನೆಲ್ಲ ಎಸೆಯುವಾಗ ಹೊಟ್ಟೆ ಉರಿಯಿತು. ಎರಡನೇ ಸಲ ಹಸಿರು ಕಾಯಿಯನ್ನೇ ಕೊಯ್ದೆ. ಸ್ಪಿರಿಟ್‌ನಲ್ಲಿ ಅದ್ದಿ, ದೀಪದ ಉರಿಗೆ ಒಮ್ಮೆ ತೋರಿಸಿ, ಆಮೇಲೆ ಸೀಳಿದೆ. ಬಿರಿಯದ ಕಾಯಿಯ ಒಳಗೆ ಬೂಷ್ಟು ಹೊಕ್ಕಿರುವುದಿಲ್ಲ. ಕೆಲವು ವಾರಗಳಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಉಂಡೆಗಳು ಕಂಡವು. ಅವೇ ಬೆಳೆದು ಈಗ ಬೇರು, ಎಲೆ ಬಿಟ್ಟ ಸಸಿಗಳು.

ನೆರಳುಮನೆ ನೋಡಿಕೊಳ್ಳುವ ಅಕ್ಕ ಪಕ್ಕದಲ್ಲಿ ಕೂತರು. ಚಿಮಟದಿಂದ ಒಂದೊಂದೇ ಸಸಿ ಎತ್ತಿ ಉಗುರುಬೆಚ್ಚಗಿನ ನೀರಿಗೆ ಬಿಟ್ಟೆ. ಬೇರಿಗೆ ಅಗರ್ ಲೋಳೆಲೋಳೆಯಾಗಿ ಅಂಟಿತ್ತು. ಬೆರಳ ತುದಿಯಲ್ಲಿ ಸವರಿ ಸವರಿ ಬಿಡಿಸಬೇಕು. ಸ್ವಲ್ಪ ಎಳೆದರೂ ಬೇರು ಮುರಿಯುತ್ತದೆ.

"ಮೇಡಂ, ಪಾಕದ ಪಾತ್ರೆ ತೊಳೆದ ಹಾಗೆ ತೊಳೀಬೇಕು. ಸಿಹಿ ಉಳಿದ್ರೆ ಕೊಳೆತುಹೋಗುತ್ತೆ," ಅಂದರು ಅಕ್ಕ. ನಾನು 2 ಸಲ ತೊಳೆದದ್ದನ್ನು ಅವರು ಇನ್ನೊಮ್ಮೆ ತೊಳೆದರು.

ಎಲೆಗೊಬ್ಬರ, ತೆಂಗಿನ ನಾರಿನ ಪುಡಿ, ಇದ್ದಿಲ ಚೂರು ಕಲಸಿ ಕುಂಡ ತುಂಬಿದೆವು. ಬಾಟಲಿಯ ತೇವಕ್ಕೆ ಒಗ್ಗಿದ ಎಲೆಗಳು ಹೊರಗಿನ ಗಾಳಿಗೆ ಬೇಗ ಬಾಡುತ್ತವೆ. ಅದಕ್ಕೇ ಮೇಲೆ ಪ್ಲಾಸ್ಟಿಕ್ ಹೊದಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋದೆವು. 60ರಲ್ಲಿ 17 ಸತ್ತವು.

ನಾಲ್ಕನೇ ವಾರ ಅಕ್ಕ ಫೋನ್ ಮಾಡಿ ಕರೆದರು. ಮೂಲೆಯ ಕುಂಡದಲ್ಲಿ ಹೊಸ ಎಲೆ. ಹೊರಗಿನ ಗಾಳಿಯಲ್ಲೇ ಮೂಡಿದ್ದು. ಇನ್ನೂ ಪೂರ್ತಿ ಬಿಚ್ಚಿರಲಿಲ್ಲ, ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿತ್ತು.