ನಡುಗೋಡೆಯ ಲೆಕ್ಕ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಮಲಗುವ ಕೋಣೆಯ ಕಡೆ ಅದರ ಬಣ್ಣ ಗುಳ್ಳೆಯೆದ್ದು, ಗಾರೆ ಉದುರಿ, ಕೈಯಿಟ್ಟರೆ ಬಿಳಿ ಪುಡಿ ಅಂಟುತ್ತಿತ್ತು. ಅವರ ಕಡೆ ಅದೇ ಗೋಡೆ ಬಚ್ಚಲುಮನೆಯ ಟೈಲ್ಸ್ ತೊಟ್ಟು, ತನಗೇನೂ ಗೊತ್ತಿಲ್ಲವೆಂಬಂತೆ ಹೊಳೆಯುತ್ತಿತ್ತು. ಜಗಳಕ್ಕೆ ಇಷ್ಟು ಸಾಕಲ್ಲವೇ?

"ನಮ್ಮ ಕಡೆ ಒಂದು ಹನಿಯೂ ಇಲ್ಲ, ನೀವೇ ಬಂದು ನೋಡಿ" ಎಂದರು ಪಕ್ಕದ ಮನೆಯವರು. ಹೋಗಿ ನೋಡಿದೆ. ನಿಜಕ್ಕೂ ಇರಲಿಲ್ಲ. ಟೈಲ್ಸ್ ಸಂದಿಯಲ್ಲಿ ಇಳಿದ ನೀರು ಬಂದ ದಾರಿಯಲ್ಲಿ ಆರಲಾರದೆ, ಇಟ್ಟಿಗೆಯನ್ನು ಹಾದು ಇನ್ನೊಂದು ಮಗ್ಗುಲಿಗೆ, ಅಂದರೆ ನಮ್ಮ ಕೋಣೆಗೆ ಬರುತ್ತದೆ. ಬರುವಾಗ ಇಟ್ಟಿಗೆ, ಗಾರೆಗಳಲ್ಲಿನ ಲವಣವನ್ನು ಕರಗಿಸಿ ತರುತ್ತದೆ. ನೀರು ಆರುತ್ತದೆ, ಲವಣ ಬಿಳಿ ಪುಡಿಯಾಗಿ ಉಳಿಯುತ್ತದೆ. ನಾನು ಇದನ್ನು ವಿವರಿಸಿದಷ್ಟೂ, ದುಡ್ಡು ಕೇಳುವುದಕ್ಕೆ ಪೀಠಿಕೆ ಹಾಕುತ್ತಿದ್ದೇನೆಂದೇ ಅವರಿಗೆ ಅನಿಸಿತು. ಹಾಗೆ ಅನಿಸಿದ್ದು ತಪ್ಪೂ ಅಲ್ಲ.

"ನೀವು ಕಿಟಕಿ ತೆರೆಯುವುದೇ ಇಲ್ಲ. ಒಳಗಿನ ಹಬೆಯೇ ಗೋಡೆಗೆ ಕೂರುತ್ತಿದೆ" ಎಂಬುದು ಅವರ ವಾದ. ಮೇಸ್ತ್ರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹೊಂದಿಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಹೋದರು. ಹನಿ ಹಾಳೆಯ ಹೊರಮೈಯಲ್ಲಿ ನಿಂತರೆ ಕೋಣೆಯ ಹಬೆ, ಹಿಂಬದಿಯಲ್ಲಿ ನಿಂತರೆ ಗೋಡೆಯ ನೀರು. ಎರಡು ದಿನ ಬಿಟ್ಟು ಹಾಳೆ ಕೀಳಲು ಪಕ್ಕದ ಮನೆಯವರನ್ನೇ ಕರೆದೆ. ಹಿಂಬದಿ ತೊಯ್ದಿತ್ತು. ಅಂದಿನಿಂದ ಕಿಟಕಿಯ ಮಾತು ನಿಂತಿತು.

ಹಾಗೆಂದು ತಪ್ಪೆಲ್ಲ ಅವರದೇ ಆಗಲಿಲ್ಲ. ತಾರಸಿಗೆ ಹತ್ತಿ ನೋಡಿದರೆ ಅದೇ ಗೋಡೆಯ ನೆತ್ತಿಯಲ್ಲಿ ಉದ್ದುದ್ದ ಬಿರುಕು. ಮಳೆಯ ನೀರು ಅಲ್ಲಿಂದಲೂ ಇಳಿಯುತ್ತಿತ್ತು. ಸಮಪಾಲು ಎಂದು ಮೊದಲು ಹೇಳಿದ್ದು ಅವರ ಮನೆಯಾಕೆ. ಕೇಳಲು ಚೆನ್ನಾಗಿತ್ತು, ನಾನು ಒಪ್ಪಲಿಲ್ಲ. ಬಚ್ಚಲಿನ ಸಂದಿ ಮುಚ್ಚುವುದಕ್ಕೆ ನಾನೇಕೆ ಕೊಡಬೇಕು? ನನ್ನ ಕೋಣೆಯ ಬಣ್ಣಕ್ಕೆ ಅವರೇಕೆ ಕೊಡಬೇಕು? ಒಟ್ಟು ಮೊತ್ತವನ್ನು ಹಂಚುವುದಕ್ಕಿಂತ ಕೆಲಸವನ್ನೇ ತುಂಡುತುಂಡಾಗಿ ಹಂಚಿಕೊಳ್ಳೋಣ ಎಂದೆ.

ನೆತ್ತಿಯ ಬಿರುಕು ಇಬ್ಬರದು, ಸಮಪಾಲು. ಬಚ್ಚಲಿನ ಸಂದಿ ಅವರದು. ಬಣ್ಣ ನನ್ನದು. ಇಷ್ಟು ಬೇಗ ಮುಗಿಯಿತು. ಸಿಕ್ಕಿಬಿದ್ದದ್ದು ನಮ್ಮ ಕಡೆಯ ಗಾರೆ. ಯಾವ ನೀರು ಎಷ್ಟು ಕೆಡಿಸಿತೆಂದು ಹೇಳುವವರು ಯಾರು? "ಆ ನೀರನ್ನೇ ಕೇಳಬೇಕು" ಎಂದರು ಮೇಸ್ತ್ರಿ. ಆದರೆ ಕಲೆಗಳು ಎರಡು ಪ್ರತ್ಯೇಕ ಪಟ್ಟಿಗಳಾಗಿದ್ದವು: ಒಂದು ಸೂರಿನ ಬುಡದಲ್ಲಿ, ಇನ್ನೊಂದು ನೆಲದಿಂದ ಮೊಣಕಾಲಿನವರೆಗೆ. ಮೇಲಿನದು ಇಬ್ಬರದು, ಕೆಳಗಿನದು ಅವರದು ಎಂದಾಯಿತು. ಅವರೇ ಅಳತೆ ಟೇಪು ತಂದು, ಒದ್ದೆಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದರು. ಮೇಸ್ತ್ರಿ ಆ ಗೆರೆಯಿಂದ 30 ಸೆಂಟಿಮೀಟರ್ ಆಚೆಗೂ ಗಾರೆ ಕೀಳಬೇಕು ಎಂದಾಗ ಅವರ ಮುಖ ಸಪ್ಪಗಾಯಿತು. ಲವಣ ಹೊಕ್ಕ ಗಾರೆ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಅದನ್ನು ಉಳಿಸಿದರೆ ಹೊಸ ಗಾರೆಯ ಪಕ್ಕದಲ್ಲೇ ಮತ್ತೆ ಕಲೆ. ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತ ನಿಂತಿದ್ದವರು "ಆಗಲಿ" ಎಂದರು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಒಡೆದ ಮೇಲೆ ಒಳಗೆ ಬೇರೇನಾದರೂ ಕಂಡರೆ ಕೆಲಸ ನಿಲ್ಲಿಸಿ, ಇಬ್ಬರೂ ನೋಡಿದ ಮೇಲೆಯೇ ಮುಂದುವರಿಯಬೇಕು ಎಂಬ ಸಾಲು ಅವರ ಸಲಹೆ. ಇಡೀ ಹಾಳೆಯಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ, ಏಕೆಂದರೆ ಟೈಲ್ಸ್ ಹಿಂದೆ ಹಳೆಯ ಪೈಪಿನ ಜೋಡಣೆಯೊಂದು ಜಿನುಗುತ್ತಿತ್ತು. ಅದರ ಖರ್ಚನ್ನು ಅವರು ಮಾತಿಲ್ಲದೆ ಕೊಟ್ಟರು.

ನೀರು ನಿಂತ ಮೇಲೂ ಗೋಡೆ ಆರಲು ಕಾಯಬೇಕು. 25 ಮಿಲಿಮೀಟರ್ ದಪ್ಪಕ್ಕೆ ಸುಮಾರು 1 ತಿಂಗಳು ಎಂಬುದು ರೂಢಿಯ ಲೆಕ್ಕ. ಅಷ್ಟೂ ಕಾಲ ಬೆತ್ತಲೆ ಇಟ್ಟಿಗೆಯ ಪಕ್ಕದಲ್ಲಿ ಮಲಗಿದೆವು.

ಒಡೆದ ಗಾರೆಯ ಚೀಲಗಳನ್ನು ಸಾಗಿಸುವ ಕೂಲಿ ಹಾಳೆಯಲ್ಲಿ ಇರಲಿಲ್ಲ. ಅದನ್ನು ನಾನೇ ಕೊಟ್ಟೆ. ಅರ್ಧ ಕೇಳಲೇ ಎಂದು ಯೋಚಿಸಿ ಸುಮ್ಮನಾದೆ. ಕೆಲಸ ಮುಗಿಯುವವರೆಗೆ ಅವರ ಬಚ್ಚಲು ಮುಚ್ಚಿತ್ತು, ಅದರ ಲೆಕ್ಕವನ್ನು ಅವರೂ ಕೇಳಿರಲಿಲ್ಲ.