ಬೆಟ್ಟ ವಾಪಸ್ ಪಡೆದ ರಸ್ತೆ

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿರುವ ಕ್ಯಾಸಲ್ಟನ್ ಹಳ್ಳಿಗೆ ಹೋಗುವವರು ಬರೀ ಗುಹೆ ನೋಡಿ ವಾಪಸ್ಸಾಗಬೇಡಿ. ಮ್ಯಾಮ್ ಟಾರ್ ಬೆಟ್ಟದ ಬುಡದ ಹಳೇ ರಸ್ತೆಯಲ್ಲಿ ಅರ್ಧ ಗಂಟೆ ನಡೆಯಿರಿ. 1979ರಲ್ಲಿ ವಾಹನಗಳಿಗೆ ಶಾಶ್ವತವಾಗಿ ಮುಚ್ಚಿದ ರಸ್ತೆ ಅದು. ಡಾಂಬರು ಸೀಳಿ, ಒಂದು ಪಕ್ಕ ಮೆಟ್ಟಿಲಿನಂತೆ ಕೆಳಗೆ ಕೂತಿದೆ. ಸೀಳಿದ ಅಂಚಿನಲ್ಲಿ ಬಗ್ಗಿ ನೋಡಿದರೆ, ವರ್ಷ ವರ್ಷ ತೇಪೆ ಹಾಕಿದ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಈ ಬೆಟ್ಟದಲ್ಲಿ ಮರಳುಗಲ್ಲಿನ ನಡುವೆ ಶೇಲ್ ಎಂಬ ಮೆತ್ತನೆಯ ಕಲ್ಲಿದೆ. ಚಳಿಗಾಲದ ಮಳೆನೀರು ಇಳಿದಂತೆ ಅದು ಜಾರುತ್ತದೆ, ಇಂದಿಗೂ. ಎಷ್ಟು ಜನರ ದುಡಿಮೆ ಆ ಪದರಗಳಲ್ಲಿದೆ ಅನ್ನಿಸಿ ಕಾಲು ಅಲ್ಲೇ ನಿಲ್ಲುತ್ತದೆ.

ಅಲ್ಲಿಂದ 517 ಮೀಟರಿನ ತುದಿ ಹತ್ತಿ, ಏಣಿನ ಮೇಲೆಯೇ ಹಾಲಿನ್ಸ್ ಕ್ರಾಸ್‌ವರೆಗೆ ನಡೆದು ಹಳ್ಳಿಗೆ ಇಳಿಯಬಹುದು. ಹಾಸುಗಲ್ಲು ಮಳೆಗೆ ಜಾರುತ್ತದೆ, ಹಿಡಿತವಿರುವ ಬೂಟು ಬೇಕು. ಕುರಿಗಳಿವೆ, ದಾಟಿದ ಗೇಟು ಮುಚ್ಚಿ.

ರೈಲಿನಲ್ಲಿ ಬರುವವರು ಹೋಪ್ ಸ್ಟೇಷನ್ನಿಗೆ ಟಿಕೆಟ್ ತೆಗೆದುಕೊಳ್ಳಿ. ಕ್ಯಾಸಲ್ಟನ್ ಅಂತ ಕೇಳಿದರೆ ಮ್ಯಾಂಚೆಸ್ಟರ್ ಆಚೆ ರಾಚ್‌ಡೇಲ್ ಹತ್ತಿರ ಇಳಿಯುತ್ತೀರಿ!